ಮಲಾವಿಯಲ್ಲಿ ಕ್ಲಿನಿಕ್ ಶುರು ಮಾಡುವ ಮುನ್ನ: ಅಲ್ಲಿ ಕೆಲಸ ಮಾಡಿದವರ ಅನುಭವ

ಕೇಳಿದವರು: ನಾವು ಕೆಲವು ಕನ್ನಡಿಗರು ಸೇರಿ ಮಲಾವಿಯ ಹಳ್ಳಿಯೊಂದರಲ್ಲಿ ಲಾಭ ನೋಡದ ಕ್ಲಿನಿಕ್ ಕಟ್ಟಲು ದುಡ್ಡು ಕೂಡಿಸುತ್ತಿದ್ದೇವೆ. ಆಫ್ರಿಕಾದಲ್ಲಿ ಆರೋಗ್ಯದ ಕೆಲಸ ಮಾಡಿದವರು ಇದ್ದರೆ ಹೇಳಿ, ಯಾವುದರಲ್ಲಿ ಹುಷಾರಾಗಿರಬೇಕು?

ಮಲಾವಿಯ ರಾಜಧಾನಿ ಲಿಲೊಂಗ್ವೆಯಲ್ಲಿ ನರ್ಸ್ ಆಗಿದ್ದವರು: ಕಟ್ಟಡದ ಮಾತು ಆಮೇಲೆ. ಮೊದಲು ಜಿಲ್ಲಾ ಆರೋಗ್ಯ ಕಚೇರಿಗೆ ಹೋಗಿ. ಮಲಾವಿಯಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ, ಜೊತೆಗೆ 'ಚಾಮ್' ಎನ್ನುವ ಚರ್ಚ್ ಆಸ್ಪತ್ರೆಗಳ ಒಕ್ಕೂಟವೂ ಇದೆ. ನೀವು ನೋಡಿದ ಹಳ್ಳಿಯ ಹತ್ತಿರವೇ ಹೆಲ್ತ್ ಸೆಂಟರ್ ಇರಬಹುದು, ನರ್ಸ್ ಮಾತ್ರ ಇಲ್ಲದಿರಬಹುದು. ಹಾಗಿದ್ದರೆ ಇನ್ನೊಂದು ಕಟ್ಟಡ ಯಾಕೆ?

ಮುಖ್ಯವಾದದ್ದು ಸಂಬಳ. ನಾನಿದ್ದಾಗ ಒಂದು ವಿದೇಶಿ ಸಂಸ್ಥೆ ಜಾಸ್ತಿ ಸಂಬಳ ಕೊಟ್ಟು ನಮ್ಮ ವಾರ್ಡಿನ ಅನುಭವಿ ನರ್ಸ್‌ಗಳನ್ನೇ ಕರೆದುಕೊಂಡಿತು. ಹೋದವರನ್ನು ಬೈಯುವಂತಿಲ್ಲ, ಅವರೂ ಮಕ್ಕಳ ಫೀಸ್ ಕಟ್ಟಬೇಕಲ್ವಾ. ಆದರೆ ಮಧ್ಯರಾತ್ರಿ ಹೆರಿಗೆಗೆ ಬಂದವರ ಗತಿ? ಇದ್ದ ಸಿಬ್ಬಂದಿ ಉಳಿಯಲಿ ಎಂದೇ ಮಲಾವಿ ಸರ್ಕಾರ 2004ರಲ್ಲಿ ದಾನಿ ದೇಶಗಳ ನೆರವಿನಿಂದ ಒಂದು ತುರ್ತು ಯೋಜನೆ ತಂದಿತು. ಅದರಲ್ಲಿ ಮುಖ್ಯ ಹುದ್ದೆಗಳ ಸಂಬಳಕ್ಕೆ 52% ಸೇರಿಸಿ ಕೊಟ್ಟರು. ನೀವು ಹಳ್ಳಿ ಸೆಂಟರ್ ಪಕ್ಕ ಸಿಬ್ಬಂದಿಗೆ ಎರಡು ಮನೆ ಕಟ್ಟಿಕೊಡಿ. ನೀರು, ಸೋಲಾರ್ ಇದ್ದರೆ ಜನ ನಿಲ್ಲುತ್ತಾರೆ.

ಮೊಜಾಂಬಿಕ್‌ನಲ್ಲಿ ಲೆಕ್ಕಪತ್ರ ನೋಡುತ್ತಿದ್ದವರು: ಮೇಲಿನ ಮಾತು ನಿಜ. ಸರ್ಕಾರಿ ಆಸ್ಪತ್ರೆಗಳ ಸಿಬ್ಬಂದಿಯನ್ನು ಸೆಳೆಯಬಾರದು, ಸರ್ಕಾರದ ಮೇಲೆ ಸುಮ್ನೆ ವರದಿಗಳ ಹೊರೆ ಹಾಕಬಾರದು ಎಂದು ಕೆಲವು ನೆರವು ಸಂಸ್ಥೆಗಳೇ 2008ರಲ್ಲಿ ನಿಯಮ ಬರೆದುಕೊಂಡವು. ಸಹಿ ಹಾಕುವುದು ಸುಲಭ ಬಿಡಿ, ಪಾಲಿಸುವುದು ಕಷ್ಟ.

ಉಪಕರಣ ರಿಪೇರಿಯವರು: ಹಳೇ ಮಷಿನ್ ಯಾರಾದರೂ ದಾನ ಕೊಟ್ಟರೆ ಥಟ್ಟನೆ ಒಪ್ಪಬೇಡಿ. ಅಮೆರಿಕದ 110 ವೋಲ್ಟ್ ಮಷಿನ್ ಅಲ್ಲಿನ 230 ವೋಲ್ಟ್‌ಗೆ ನೇರ ಹಾಕಿದರೆ ಸುಟ್ಟೇ ಹೋಗುತ್ತದೆ. ನಮ್ಮ ದೇಶದ್ದು ವೋಲ್ಟ್‌ಗೆ ಸರಿ, ಪ್ಲಗ್ ಮಾತ್ರ ಬ್ರಿಟಿಷ್ ಮಾದರಿಯದು ಬೇಕು. ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್‌ನ ಫಿಲ್ಟರ್ ಅಲ್ಲೇ ಸಿಗುತ್ತದಾ ಎಂದು ಮೊದಲೇ ಕೇಳಿ. ಔಷಧಿಯಾದರೆ, ತಲುಪಿದ ಮೇಲೂ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ.

ರುವಾಂಡಾದಲ್ಲಿದ್ದ ವೈದ್ಯರು: ಕಟ್ಟಡವೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಉತ್ತರದ ಬುರೇರಾ ಜಿಲ್ಲೆಯ ಬುಟಾರೊ ಆಸ್ಪತ್ರೆ ನೋಡಿ, 2011ರಲ್ಲಿ ಶುರುವಾಯಿತು. ಪಾರ್ಟ್ನರ್ಸ್ ಇನ್ ಹೆಲ್ತ್ ಸಂಸ್ಥೆ ಸರ್ಕಾರದ ಜೊತೆ ಸೇರಿ ಕಟ್ಟಿಸಿದ್ದು. ಗೋಡೆಗೆ ಅಲ್ಲಿನದೇ ಜ್ವಾಲಾಮುಖಿ ಕಲ್ಲು, ಕಟ್ಟಿದವರು ಊರಿನ ಕೆಲಸಗಾರರು. ಕ್ಷಯ ಹರಡದಂತೆ ಗಾಳಿ ಆಡುವ ಹಾಗೆ ವಾರ್ಡ್ ಮಾಡಿದ್ದಾರೆ. ಆದರೆ ಅದು ಸರ್ಕಾರಿ ಆಸ್ಪತ್ರೆಯೇ. ದಾನಿಯ ಹೆಸರಿನಲ್ಲಿ ಒಂಟಿಯಾಗಿ ನಿಂತದ್ದಲ್ಲ.

ಕೇಳಿದವರು: ಸರಿ, ಜಿಲ್ಲಾ ಕಚೇರಿಗೆ ಪತ್ರ ಬರೆಯುತ್ತೇವೆ. ಸಿಬ್ಬಂದಿ ಮನೆ ಬಿಟ್ಟು ಸಣ್ಣ ಖರ್ಚಿನಲ್ಲಿ ಇನ್ನೇನು ಮಾಡಬಹುದು?

ಲಿಲೊಂಗ್ವೆಯಲ್ಲಿ ನರ್ಸ್ ಆಗಿದ್ದವರು: ರೋಗಿಯ ಜೊತೆ ಬರುವವರೇ ಅಲ್ಲಿ ಅಡುಗೆ ಮಾಡಿ ಹಾಕುತ್ತಾರೆ, ಮೈ ತೊಳೆಸುತ್ತಾರೆ. ಮಳೆಗಾಲದಲ್ಲಿ ಅವರ ಪಾಡು ಕೇಳಬೇಡಿ. ಒಲೆ ಇರುವ ಒಂದು ಶೆಡ್, ನಲ್ಲಿ, ಶೌಚಾಲಯ ಕಟ್ಟಿಸಿ. ಎಲ್ಲಿ ಕಟ್ಟಬೇಕು ಅನ್ನುವುದನ್ನು ಊರ ಮುಖಂಡರ ಜೊತೆ ಅಲ್ಲಿನ ಹೆಂಗಸರನ್ನೂ ಕೇಳಿ.