ಪ್ರೊಪೆಲ್ಲರ್ ನಟ್ಟಿನ ಬಿಗಿ ಮತ್ತು ನಮ್ಮ ಮನೆಯ ವಾಟ್ಸಾಪ್ ಗುಂಪು

ಚಿಕ್ಕಪ್ಪ (ಫಾರ್ವರ್ಡ್ ಮಾಡಿದ್ದು): ದೋಣಿ ಇರುವವರು ತಪ್ಪದೆ ಓದಿ. ನಟ್ಟು ಸಡಿಲವಿದ್ದರೆ ಪ್ರೊಪೆಲ್ಲರ್ ನೀರುಪಾಲಾಗುತ್ತದೆ. 55ಕ್ಕೆ ಬಿಗಿಯಿರಿ, ಕಡಿಮೆ ಬೇಡ. ಎಲ್ಲರಿಗೂ ಕಳುಹಿಸಿ.

ಚಿಕ್ಕಪ್ಪ: ಇದನ್ನು ಯಾರಿಗಾಗಿ ಹಾಕಿದ್ದೇನೆಂದು ಅಳಿಯಂದಿರಿಗೆ ತಿಳಿದಿರುತ್ತದೆ.

ಅಕ್ಕ: ಚಿಕ್ಕಪ್ಪ, 55 ಎಂದರೆ ಟಾರ್ಕಿನ, ಅಂದರೆ ತಿರುಗಿಸಿ ಬಿಗಿಯುವ ಬಲದ, ಯಾವ ಅಳತೆ? ಫುಟ್-ಪೌಂಡ್ ಆಗಿದ್ದರೆ ಅದು ಸುಮಾರು 75 ನ್ಯೂಟನ್-ಮೀಟರ್. ನ್ಯೂಟನ್-ಮೀಟರ್ ಆಗಿದ್ದರೆ ಸುಮಾರು 40 ಫುಟ್-ಪೌಂಡ್ ಮಾತ್ರ. ಯಾವ ಎಂಜಿನ್ನಿನ ಕೈಪಿಡಿಯಿಂದ ತೆಗೆದ ಅಂಕಿಯೆಂದೂ ಬರೆದಿಲ್ಲ. ಇದರ ಮೂಲ ಯಾವುದೆಂದು ದಯವಿಟ್ಟು ತಿಳಿಸಿ.

ಚಿಕ್ಕಪ್ಪ: ಊಟಕ್ಕೆ ಕರೆದರೂ ಮೂಲ ಕೇಳುವವಳು ನೀನು. ಕಳುಹಿಸಿದವರು ಅನುಭವಸ್ಥರು, ಅಷ್ಟು ಸಾಕು.

ದೊಡ್ಡಪ್ಪ: ಟಾರ್ಕ್ ರೆಂಚನ್ನೇ ಕಾಣದ ಕಾಲದಲ್ಲಿ ನಾವು ಕೈಯ ಅಂದಾಜಿನಲ್ಲೇ ಬಿಗಿಯುತ್ತಿದ್ದೆವು. ಈಗಿನವರಿಗೆ ಅಂಕಿ ಬೇಕು, ತಾಳ್ಮೆ ಬೇಡ. ಮನಸ್ಸಿಟ್ಟು ಮಾಡಿದ ಕೆಲಸ ಸಡಿಲವಾಗುವುದಿಲ್ಲ.

ಭಾವ: ದೊಡ್ಡವರ ಮಾತಿಗೆ ಎದುರಾಡುತ್ತಿಲ್ಲ. ಆದರೆ ಅಂದು ನಾನು ಕೈಪಿಡಿಯಲ್ಲಿದ್ದಷ್ಟೇ ಬಿಗಿದಿದ್ದೆ. ನಟ್ಟು ಕಳಚದಂತೆ ಪಿನ್ ತೂರಿಸುವ ನಟ್ಟಿನ ಕಚ್ಚೂ ಶಾಫ್ಟಿನ (ಪ್ರೊಪೆಲ್ಲರ್ ಕೂರುವ ದಂಡದ) ತೂತೂ ಒಂದಕ್ಕೊಂದು ಎದುರಾಗದಿದ್ದಾಗ ಇನ್ನಷ್ಟು ಬಿಗಿದು ಮುಂದಿನ ಕಚ್ಚಿಗೆ ತರಬೇಕೇ ಹೊರತು, ಪಿನ್ ತೂರಿದರೆ ಸಾಕೆಂದು ನಟ್ಟನ್ನು ಹಿಂದಕ್ಕೆ ತಿರುಗಿಸಬಾರದು. ಹಿಂದಕ್ಕೆ ತಿರುಗಿಸಿ, ಹಳೆಯ ಪಿನ್ನನ್ನೇ ನೆಟ್ಟಗೆ ಮಾಡಿ ಮತ್ತೆ ಹಾಕಿದವರು ಯಾರೆಂಬುದು ಈ ಗುಂಪಿನಲ್ಲಿ ಒಬ್ಬರಿಗಾದರೂ ನೆನಪಿರಬೇಕು.

ಚಿಕ್ಕಪ್ಪ: ಮುಗಿದ ಕಥೆಯನ್ನು ಕೆದಕುವುದು ಒಳ್ಳೆಯದಲ್ಲ.

ದೊಡ್ಡಪ್ಪನ ಮಗ: ಪಿನ್ ಎಂದೊಡನೆ ಹಳೆಯ ದೋಣಿ ನೆನಪಾಯಿತು. ಬಿಗಿಯುವಾಗ ಪ್ರೊಪೆಲ್ಲರ್ ತಿರುಗದಂತೆ ರೆಕ್ಕೆಗೂ ಮೇಲಿನ ತಟ್ಟೆಗೂ ನಡುವೆ ಮರದ ತುಂಡನ್ನು ಒತ್ತಿ ಹಿಡಿಯುವುದು ಸದಾ ನನ್ನ ಪಾಲಿನ ಕೆಲಸವಾಗಿತ್ತು. ಕೀಲಿ ತೆಗೆದು ಗೇರನ್ನು ನ್ಯೂಟ್ರಲ್‌ಗೆ ಹಾಕಿದ್ದೇವೆಯೇ ಎಂದು ಅಪ್ಪ ಗದರುತ್ತಿದ್ದುದು ಈಗಲೂ ಕಿವಿಯಲ್ಲಿದೆ. ಆ ತುಂಡು ಯಾರ ಮನೆಯಲ್ಲಿದೆ?

ಅಕ್ಕ: ತುಂಡು ಆಮೇಲೆ ಹುಡುಕೋಣ. ನಟ್ಟು ಮಾಡುವ ಕೆಲಸವೇನೆಂದು ಯಾರೂ ಕೇಳಲಿಲ್ಲ. ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ನಮ್ಮ ಔಟ್‌ಬೋರ್ಡ್ ಎಂಜಿನ್ನಿನಲ್ಲಿ ಪ್ರೊಪೆಲ್ಲರನ್ನು ತಿರುಗಿಸುವುದು ಶಾಫ್ಟಿನ ಉದ್ದಕ್ಕಿರುವ ಸ್ಪ್ಲೈನ್ ಎಂಬ ಹಲ್ಲುಗಳು; ದೋಣಿ ಮುಂದಕ್ಕೆ ಹೋಗುವಾಗ ಪ್ರೊಪೆಲ್ಲರಿನ ನೂಕುಬಲವು ಅದರ ಮುಂದಿರುವ ಥ್ರಸ್ಟ್ ವಾಷರ್ ಎಂಬ ಬಿಲ್ಲೆಯ ಮೂಲಕ ಶಾಫ್ಟಿಗೆ ತಲುಪುತ್ತದೆ. ಬಿಡಿಭಾಗಗಳು ಅಲ್ಲಾಡದಂತೆ ಒತ್ತಿ ಹಿಡಿಯುವುದು ಮತ್ತು ರಿವರ್ಸ್‌ನಲ್ಲಿ ಪ್ರೊಪೆಲ್ಲರ್ ಹಿಂದಕ್ಕೆ ಜಾರದಂತೆ ತಡೆಯುವುದು ನಟ್ಟಿನ ಪಾಲಿನ ಕೆಲಸ. ಆದ್ದರಿಂದ ಮೈಬಲವನ್ನೆಲ್ಲ ಹಾಕಿ ಬಿಗಿದರೆ ಹಿಡಿತ ಹೆಚ್ಚುವುದಿಲ್ಲ, ಥ್ರೆಡ್ ಕೆಡಬಹುದು. ಸಡಿಲ ಬಿಟ್ಟರೆ ಹಲ್ಲುಗಳು ಸವೆಯುತ್ತವೆ. ಥ್ರಸ್ಟ್ ವಾಷರನ್ನೇ ಮರೆತರೆ ಎಷ್ಟು ಬಿಗಿದರೂ ವ್ಯರ್ಥ. ಸ್ಪ್ಲೈನಿಗೆ ಗ್ರೀಸ್ ಬೇಕೇಬೇಕು, ಇಲ್ಲದಿದ್ದರೆ ಮುಂದೆ ಪ್ರೊಪೆಲ್ಲರನ್ನು ಬಿಚ್ಚಲು ಆಗುವುದಿಲ್ಲ. ಥ್ರೆಡ್ಡಿಗೂ ಹಚ್ಚಬಹುದೇ ಎಂಬುದನ್ನು ಮಾತ್ರ ಕೈಪಿಡಿಯಲ್ಲೇ ನೋಡಬೇಕು, ಏಕೆಂದರೆ ಗ್ರೀಸ್ ಇದ್ದಾಗ ಅದೇ ಟಾರ್ಕಿಗೆ ನಟ್ಟು ಒತ್ತುವ ಬಲ ಹೆಚ್ಚಾಗುತ್ತದೆ.

ದೊಡ್ಡಪ್ಪ: ಇಷ್ಟು ಉದ್ದ ಬರೆಯುವ ಹೊತ್ತಿನಲ್ಲಿ ನಾನು ಎರಡು ಪ್ರೊಪೆಲ್ಲರ್ ಕೂರಿಸುತ್ತಿದ್ದೆ.

ನಾನು: ನಮ್ಮ ಎಂಜಿನ್ನಿನ ಕೈಪಿಡಿಯ ಪುಟದ ಚಿತ್ರವನ್ನು ಹಾಕಿದ್ದೇನೆ. ಅಲ್ಲಿ ಅಂಕಿಯೊಂದಿಗೆ ಅಳತೆಯೂ ಇದೆ, ಅದು 55 ಅಲ್ಲ. ಹೊಸ ಪಿನ್ನನ್ನೂ ತಂದಿದ್ದೇನೆ. ಭಾನುವಾರ ಯಾರು ಬರುತ್ತೀರಿ?

ಚಿಕ್ಕಪ್ಪ: ಚಿತ್ರ ತೆರೆಯುತ್ತಿಲ್ಲ. ನಾನು ಬರುತ್ತೇನೆ, ಆದರೆ ಅಳಿಯಂದಿರು ರೆಂಚ್ ಮುಟ್ಟಬಾರದು.

ಭಾವ: ಮುಟ್ಟುವುದಿಲ್ಲ. ನೀವು ಪಿನ್ನಿನ ತುದಿಗಳನ್ನು ಬಗ್ಗಿಸಿ ಮುಗಿಸುವವರೆಗೆ ಪಕ್ಕದಲ್ಲೇ ನಿಂತು ನಟ್ಟನ್ನು ನೋಡುತ್ತಿರುತ್ತೇನೆ.