ಎದೆಯ ಶಸ್ತ್ರಚಿಕಿತ್ಸೆ ಆಗಿ ಐದು ತಿಂಗಳು: ಬಲಗಡೆ ಸುಕ್ಕು ನಿಂತಿದೆ, ಯಾರಿಗೆ ಹೇಳಲಿ?

ಸೂಜಿದಾರ:

ನಾನು ದಾವಣಗೆರೆಯಲ್ಲಿ ಪ್ಯಾಂಟು, ಶರ್ಟು ಹೊಲಿಯುವವನು. ಟ್ರಾನ್ಸ್ ಪುರುಷ (ಹುಟ್ಟಿದಾಗ ಹೆಣ್ಣು ಎಂದು ಬರೆಸಿಕೊಂಡ ಗಂಡಸು), ವಯಸ್ಸು 29, ಗಂಡಸಿನ ಹಾರ್ಮೋನು ಟೆಸ್ಟೋಸ್ಟೆರಾನ್ ಶುರು ಮಾಡಿ ಮೂರು ವರ್ಷವಾಯಿತು. ಕಳೆದ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಹೋಗಿ ಸ್ತನ ತೆಗೆದು ಎದೆ ಚಪ್ಪಟೆ ಮಾಡುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದೆ. ಎರಡೂ ಕಡೆ ಅಡ್ಡಲಾಗಿ ಕೊಯ್ದು, ತೊಟ್ಟನ್ನು ಬಿಡಿಸಿ ಚಿಕ್ಕದು ಮಾಡಿ ಮತ್ತೆ ಕಸಿ ಮಾಡುತ್ತಾರಲ್ಲ, ಆ ವಿಧಾನ. ದುಡ್ಡಿನ ಮಾತು ಬೇಡ. ಅವ್ವನ ಎರಡೆಳೆ ಸರ ಇನ್ನೂ ಸೊಸೈಟಿಯಲ್ಲಿ ಅಡವಿದೆ.

ಬಲಗಡೆಯ ಗೆರೆ ಕಂಕುಳ ಹತ್ತಿರ ಮುಗಿಯುವಲ್ಲಿ ಚರ್ಮ ಮಡಿಸಿಕೊಂಡು ಎದ್ದು ನಿಂತಿದೆ. ಡಾಕ್ಟರುಗಳು ಇದಕ್ಕೆ ನಾಯಿಕಿವಿ ಎನ್ನುತ್ತಾರಂತೆ. ನನ್ನ ಕಸುಬಿನಲ್ಲಿ ಇದು ಹೊಸದೇನಲ್ಲ. ರವಿಕೆಗೆ ಡಾರ್ಟ್ ಹಿಡಿಯುವಾಗ ತುದಿಯನ್ನು ಸಣ್ಣಗೆ ಇಳಿಸದೆ ಗಕ್ಕನೆ ನಿಲ್ಲಿಸಿದರೆ ಬಟ್ಟೆ ಹೀಗೆಯೇ ಉಬ್ಬುತ್ತದೆ. ಕಲಿಯುವ ಹುಡುಗರು ಮಾಡಿದರೆ ಬಿಚ್ಚಿಸಿ ಮತ್ತೆ ಹೊಲಿಸುತ್ತೇನೆ. ಎಡಗಡೆಯ ಗೆರೆಯಂತೂ ಹುರಿಯ ಹಾಗೆ ದಪ್ಪವಾಗಿದೆ, ರಾತ್ರಿ ತುರಿಸುತ್ತದೆ. ಎಡ ತೊಟ್ಟಿನ ಅಂಚಿನಲ್ಲಿ ಬಣ್ಣ ಹೋಗಿ ಬಿಳಿ ಮಚ್ಚೆ ಬಿದ್ದಿದೆ. ಟೇಪು ಹಿಡಿದು ಅಳೆದೂ ಬಿಟ್ಟಿದ್ದೇನೆ, ನಗಬೇಡಿ: ಕತ್ತಿನ ಬುಡದಿಂದ ತೊಟ್ಟಿಗೆ ಎಡಕ್ಕಿಂತ ಬಲ ಅರ್ಧ ಇಂಚು ಕೆಳಗೆ. ಯಾವ ಗಂಡಸಿನ ಎರಡು ಭುಜವೂ ಒಂದೇ ಮಟ್ಟದಲ್ಲಿ ಇರುವುದಿಲ್ಲ ಎಂದು ಹೇಳಲು ಬರಬೇಡಿ. ದಿನಕ್ಕೆ ಹತ್ತು ಜನರ ಅಳತೆ ತೆಗೆಯುವ ನನಗೆ ಅದು ನಿಮಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಕನ್ನಡಿಯ ಮುಂದೆ ನಿಂತರೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಸಂಕ್ರಾಂತಿಗೆ ಹರಿಹರದ ಹೊಳೆಯಲ್ಲಿ ಎಲ್ಲರ ಹಾಗೆ ಅಂಗಿ ಬಿಚ್ಚಿ ಮುಳುಗಬೇಕೆಂದು ಹದಿನೈದು ವರ್ಷದವನಾಗಿದ್ದಾಗಿನಿಂದ ಆಸೆ. ಈ ಸಲ ಹೋದೆ. ಅಂಗಿಯನ್ನೂ ಬಿಚ್ಚಿದೆ. ಹೆಗಲ ಮೇಲಿನ ಟವೆಲು ಮಾತ್ರ ಇಳಿಯಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು, ತಲೆಗೆ ಎರಡು ಬೊಗಸೆ ನೀರು ಸುರಿದುಕೊಂಡು ಬಸ್ ಹತ್ತಿದೆ.

ಮನೆಯಲ್ಲಿ ಹೇಳಿದರೆ ‘ಅದಕ್ಕೇ ಬೇಡ ಎಂದಿದ್ದೆವು’ ಎನ್ನುತ್ತಾರೆ. ಇನ್ನೂ ಬೈಂಡರ್ (ಎದೆ ಅದುಮುವ ಬಿಗಿ ಒಳಂಗಿ) ಬಿಗಿದುಕೊಂಡು ದುಡ್ಡು ಕೂಡಿಸುತ್ತಿರುವ ಗೆಳೆಯರ ಮುಂದೆ ಹೇಳಲು ನಾಚಿಕೆ. ಹಳೆಯ ಎದೆ ವಾಪಸು ಬೇಕೇ ಎಂದು ನನ್ನನ್ನೇ ಕೇಳಿಕೊಂಡೆ. ಖಂಡಿತ ಬೇಡ. ಹಾಗಿದ್ದರೆ ಈ ಅಳು ಏತಕ್ಕೆ? ಇದನ್ನು ದಾಟಿದವರು ಯಾರಾದರೂ ಇದ್ದರೆ ಹೇಳಿ.

ಪಡುಗಾಳಿ:

ಬೇಸರ ಮಾಡಿಕೊಳ್ಳಬೇಡಿ, ಆದರೆ ಸಿಕ್ಕಿದ್ದಕ್ಕೆ ಸಮಾಧಾನಪಡಬೇಕು. ನಾನು ನಾಲ್ಕು ವರ್ಷದಿಂದ ಮಂಗಳೂರಿನ ಸೆಕೆಯಲ್ಲಿ ಬೈಂಡರ್ ಹಾಕಿಕೊಂಡು ಓಡಾಡುತ್ತಿದ್ದೇನೆ. ಅರ್ಧ ಇಂಚಿಗೆ ಅಳುವವರನ್ನು ಕಂಡರೆ ನಿಜ ಹೇಳಬೇಕೆಂದರೆ ಸಿಟ್ಟು ಬರುತ್ತದೆ.

ಹಳೇಬೇವು:

ಪಡುಗಾಳಿ, ನಿಮ್ಮ ಸಿಟ್ಟು ನ್ಯಾಯದ್ದೇ. ಅದು ಸಲ್ಲಬೇಕಾದ ವಿಳಾಸ ಮಾತ್ರ ಬೇರೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿ ನಮ್ಮ ಶಸ್ತ್ರಚಿಕಿತ್ಸೆ, ಹಾರ್ಮೋನು ಎರಡಕ್ಕೂ ವಿಮೆಯ ಮಾತಿದೆ. ಆದರೂ ಈ ತಮ್ಮ ಅವ್ವನ ಸರ ಅಡವಿಟ್ಟಿದ್ದಾನೆ, ನೀವು ಇನ್ನೂ ಕಾಯುತ್ತಿದ್ದೀರಿ.

ಸೂಜಿದಾರ, ನನಗೆ ಆಗಿ ಆರು ವರ್ಷ. ಐದು ತಿಂಗಳ ಗಾಯವನ್ನು ನೋಡಿ ತೀರ್ಪು ಕೊಡಬೇಡ. ಗೆರೆ ಪೂರ್ತಿ ಹದಕ್ಕೆ ಬರಲು ಒಂದರಿಂದ ಒಂದೂವರೆ ವರ್ಷ ಬೇಕು. ಮೊದಲ ತಿಂಗಳುಗಳಲ್ಲಿ ಅದು ಕೆಂಪಾಗಿ, ಗಡುಸಾಗಿ ಇರುವುದೇ ಹೆಚ್ಚು. ಆದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂದು ನಂಬಿ ಕೂರಬೇಡ. ನಾಯಿಕಿವಿ ದೊಡ್ಡದಿದ್ದರೆ ಹೋಗುವುದಿಲ್ಲ, ತೆಗೆಸಬೇಕು. ನನಗೆ ಎರಡೂ ಕಡೆ ಇತ್ತು. ವರ್ಷ ತುಂಬಿದ ಮೇಲೆ ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕತ್ತರಿಸಿ ಹೊಲಿದರು. ಮುಗಿಸಿಕೊಂಡು ಅದೇ ದಿನ ಸಂಜೆ ಮೈಸೂರಿನ ಬಸ್ ಹತ್ತಿದೆ.

ಅದಕ್ಕಿಂತ ಮುಂಚೆ ಎಡಗಡೆಯದನ್ನು ಚರ್ಮದ ಡಾಕ್ಟರಿಗೆ ತೋರಿಸು. ಉಬ್ಬು ಗೆರೆಯೊಳಗೇ ಇದೆಯೋ, ಗೆರೆ ದಾಟಿ ಪಕ್ಕದ ಒಳ್ಳೆಯ ಚರ್ಮಕ್ಕೂ ಹಬ್ಬುತ್ತಿದೆಯೋ ಎಂಬುದನ್ನು ಅವರು ನೋಡಬೇಕು. ಹಬ್ಬುತ್ತಿದ್ದರೆ ಅದು ಕೀಲಾಯ್ಡ್, ನಮ್ಮಂಥ ಕಪ್ಪು ಚರ್ಮಕ್ಕೆ ಅದರ ಕಾಟ ಜಾಸ್ತಿ. ಕೀಲಾಯ್ಡನ್ನು ಬರೀ ಕತ್ತರಿಸಿದರೆ ಮೊದಲಿಗಿಂತ ದೊಡ್ಡದಾಗಿ ಬರುವುದುಂಟು. ನನಗೆ ಗೆರೆಯೊಳಗಿನ ಉಬ್ಬೇ ಇತ್ತು. ಗೆರೆಯ ಮೇಲೆ ಅಂಟಿಸುವ ಸಿಲಿಕೋನ್ ಹಾಳೆಯ ಜೊತೆಗೆ ನಾಲ್ಕು ಸಲ ಟ್ರಯಾಮ್ಸಿನೋಲೋನ್ ಎಂಬ ಸ್ಟೀರಾಯ್ಡ್ ಚುಚ್ಚಿಸಿಕೊಂಡೆ, ಸಲಕ್ಕೊಂದು ತಿಂಗಳ ಅಂತರ. ಚುಚ್ಚುವಾಗ ದೇವರು ಕಾಣುತ್ತಾನೆ, ಸುಳ್ಳು ಹೇಳುವುದಿಲ್ಲ. ತುರಿಕೆ ಮಾತ್ರ ಎರಡನೆಯದಕ್ಕೇ ನಿಂತಿತು.

ಶಸ್ತ್ರಚಿಕಿತ್ಸೆ ಮಾಡಿದವರಿಗೆ ಫೋಟೋ ಕಳುಹಿಸಿ ಕೇಳು: ಸರಿಪಡಿಸುತ್ತೀರಾ, ಯಾವಾಗ, ಅದಕ್ಕೆ ಬೇರೆ ಬಿಲ್ ಇದೆಯೇ? ಗಿರಾಕಿ ಆಲ್ಟರೇಶನ್‌ಗೆ ಬಂದರೆ ನೀನು ಅವನನ್ನು ಕೃತಘ್ನ ಎನ್ನುತ್ತೀಯಾ?

ಕುಂಬಾರಬೀದಿ:

ಅಳುವಿಗೆ ನನ್ನ ಉತ್ತರ. ಬೈಂಡರ್ ಹಾಕಿದ್ದಷ್ಟು ವರ್ಷವೂ ಮನಸ್ಸಿನಲ್ಲಿ ಒಂದು ಎದೆಯನ್ನು ಬರೆದಿಟ್ಟುಕೊಂಡಿರುತ್ತೇವೆ. ಕಟ್ಟು ಬಿಚ್ಚಿದ ದಿನ ಕೈಗೆ ಬರುವುದು ಅದಲ್ಲ. ಆ ಬರೆದಿಟ್ಟುಕೊಂಡದ್ದಕ್ಕಾಗಿ ನಾನು ಎರಡು ತಿಂಗಳು ಅತ್ತೆ, ಅದರಲ್ಲಿ ಪಶ್ಚಾತ್ತಾಪದ ಅಂಶವೇ ಇರಲಿಲ್ಲ. ನನ್ನ ಬಲ ತೊಟ್ಟಿನ ಕಸಿ ಅರ್ಧ ಹಿಡಿಯಲೇ ಇಲ್ಲ, ಆಕಾರ ಹುಣಸೆಬೀಜದ್ದು.

ನಾನು ಮಾಡಿದ್ದು ಇಷ್ಟೇ. ಬಚ್ಚಲ ಕನ್ನಡಿಯ ಕೆಳಗಿನ ಅರ್ಧಕ್ಕೆ ಪತ್ರಿಕೆ ಅಂಟಿಸಿದೆ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಒಂದೇ ಕಿಟಕಿಯ ಬೆಳಕಿನಲ್ಲಿ, ಒಂದು ಫೋಟೋ. ದಿನಾ ನೋಡಿದರೆ ಬದಲಾವಣೆ ಕಾಣುವುದಿಲ್ಲ, ತಪ್ಪು ಮಾತ್ರ ಕಾಣುತ್ತದೆ. ಎಂಟನೆಯ ಫೋಟೋ ಹೊತ್ತಿಗೆ ನನ್ನ ತೊಟ್ಟಿನ ಬಿಳಿ ಮಚ್ಚೆ ಅಂಚಿನಿಂದ ಕಂದುಬಣ್ಣಕ್ಕೆ ತಿರುಗಿತ್ತು. ಪೂರ್ತಿ ತುಂಬಲಿಲ್ಲ. ಹಚ್ಚೆ ಹಾಕಿ ಬಣ್ಣ ತುಂಬುವವರಿದ್ದಾರೆ. ನಾನು ಹಾಕಿಸಿಕೊಳ್ಳಲಿಲ್ಲ, ಇನ್ನೊಂದು ಸೂಜಿ ಬೇಡ ಎನಿಸಿತು. ಈಗಲೂ ಆ ತೊಟ್ಟು ನನಗೆ ಇಷ್ಟವಿಲ್ಲ. ಅದರ ನೆನಪಾಗದೆ ವಾರ ಕಳೆಯುವುದುಂಟು, ಅಷ್ಟೇ. ಟೇಪನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಹೋಗಿ.

ಪಡುಗಾಳಿ:

ಸೂಜಿದಾರ, ನಿನ್ನೆ ಕರೆಂಟು ಹೋಗಿತ್ತು, ಬೆನ್ನೆಲ್ಲ ಬೆವರುಸಾಲೆ. ಆ ತಾಪದಲ್ಲಿ ಬರೆದೆ. ಮನ್ನಿಸಿ. ಸರಿಪಡಿಸುವ ಬಿಲ್ಲಿನ ವಿಷಯ ತಿಳಿದರೆ ಇಲ್ಲಿ ಬರೆಯಿರಿ, ನಾನು ಮೊದಲೇ ಕೇಳಿಕೊಳ್ಳುತ್ತೇನೆ.

ಸೂಜಿದಾರ:

ಪಡುಗಾಳಿ, ನಾನೂ ಬೈಂಡರ್ ಹಾಕಿಯೇ ಏಳು ಬೇಸಿಗೆ ಇಸ್ತ್ರಿ ಪೆಟ್ಟಿಗೆಯ ಮುಂದೆ ನಿಂತವನು. ಮನ್ನಿಸುವುದೇನೂ ಇಲ್ಲ. ಡಾಕ್ಟರಿಗೆ ಫೋಟೋ ಕಳುಹಿಸಿದೆ. ಆಗಸ್ಟ್ ಕಳೆದ ಮೇಲೆ ಬಾ, ನಾಯಿಕಿವಿ ತೆಗೆದುಕೊಡುತ್ತೇನೆ ಎಂದರು. ಅವರ ಫೀಸು ಇಲ್ಲ, ಆಪರೇಷನ್ ಕೋಣೆಯ ಖರ್ಚು ನನ್ನದು. ಅಲ್ಲಿಯವರೆಗೆ ಸಿಲಿಕೋನ್ ಹಾಳೆ, ಬರುವ ಬುಧವಾರ ಚರ್ಮದ ಡಾಕ್ಟರು.

ಇನ್ನೊಂದು. ನಿನ್ನೆ ಹಾಳೆ ಅಂಟಿಸಿಕೊಳ್ಳುವಾಗ ಅವ್ವ ಬಾಗಿಲು ತಟ್ಟದೆ ಒಳಗೆ ಬಂದಳು. ನನಗೆ ಹೊಲಿಗೆ ಕಲಿಸಿದವಳೇ ಅವಳು. ಬೈಯುತ್ತಾಳೆ ಎಂದುಕೊಂಡೆ. ಕನ್ನಡಕ ಏರಿಸಿಕೊಂಡು, ಬಲಗಡೆಯ ತುದಿಯನ್ನು ಬೆರಳಿನಿಂದ ಒತ್ತಿ ನೋಡಿ, ‘ಕೊನೆಯಲ್ಲಿ ಅವಸರ ಮಾಡಿದ್ದಾರೆ. ಬಿಚ್ಚಿ ಹೊಲಿದುಕೊಡುತ್ತಾರೇನು?’ ಎಂದಳು. ಕೊಡುತ್ತಾರೆ ಎಂದೆ. ‘ಹಾಗಾದರೆ ಊಟಕ್ಕೆ ಏಳು’ ಎಂದು ಹೋದಳು.

ಸಿಲಿಕೋನ್ ಹಾಳೆ ಕತ್ತರಿಸಲು ಬಟ್ಟೆಯ ಕತ್ತರಿ ಮಾತ್ರ ಬಳಸಬೇಡಿ. ಅಂಟು ಬಿಡಿಸಲು ನನಗೆ ಅರ್ಧ ದಿನ ಹಿಡಿಯಿತು.