ಮಗನ ಖಿನ್ನತೆಗೂ ವೇಪಿಂಗ್‌ಗೂ ಸಂಬಂಧವಿದೆಯೇ?

ಪ್ರಶ್ನೆ (ಒಬ್ಬ ತಾಯಿ, ನ್ಯೂಜೆರ್ಸಿ):
ನಮ್ಮ ಮಗನಿಗೆ 16 ವರ್ಷ. ಆರು ತಿಂಗಳಿನಿಂದ ಮನೆಯಲ್ಲಿ ಮಾತು ಕಡಿಮೆಯಾಗಿದೆ, ಇಷ್ಟಪಟ್ಟು ಹೋಗುತ್ತಿದ್ದ ಈಜನ್ನು ಬಿಟ್ಟಿದ್ದಾನೆ, ರಾತ್ರಿ ಎರಡರವರೆಗೂ ಅವನ ಕೋಣೆಯ ದೀಪ ಉರಿಯುತ್ತಿರುತ್ತದೆ. ಕಳೆದ ವಾರ ಬಟ್ಟೆ ಒಗೆಯಲು ಹಾಕುವಾಗ ಜಾಕೆಟ್ಟಿನ ಜೇಬಿನಲ್ಲಿ ಪೆನ್‌ಡ್ರೈವಿನಂಥ ವಸ್ತುವೊಂದು ಸಿಕ್ಕಿತು, ವೇಪ್ ಎನ್ನುವ ಇ-ಸಿಗರೇಟು. ಮೂಸಿದರೆ ಮಾವಿನಹಣ್ಣಿನ ವಾಸನೆ. ಕೇಳಿದಾಗ, "ಅಮ್ಮಾ, ಅದನ್ನು ಎಳೆದಾಗ ಮಾತ್ರ ನನಗೆ ಸ್ವಲ್ಪ ಸಮಾಧಾನ" ಎಂದು ಅತ್ತುಬಿಟ್ಟ. ಬೇಸರಕ್ಕೆ ವೇಪ್ ಹಿಡಿದನೋ, ವೇಪಿನಿಂದಲೇ ಬೇಸರ ಬಂತೋ ತಿಳಿಯುತ್ತಿಲ್ಲ. ಮೊದಲು ಯಾವುದಕ್ಕೆ ಚಿಕಿತ್ಸೆ ಕೊಡಿಸಬೇಕು? ನಮ್ಮ ಯಜಮಾನರು ಅದನ್ನು ಕಿತ್ತು ಬಿಸಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ.

ಉತ್ತರ 1 (ಮನೋವೈದ್ಯೆ, ಬೆಂಗಳೂರು):
ಅಮ್ಮಾ, ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ. ಅವನಿಗೆ ಸಮಾಧಾನ ಸಿಗುತ್ತಿರುವುದು ನಿಜ. ಆದರೆ ವೇಪಿನಿಂದ ರಕ್ತಕ್ಕೆ ಸೇರುವ, ಚಟ ಹಿಡಿಸುವ ನಿಕೋಟಿನ್ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ, ಇಳಿಯುತ್ತಿದ್ದಂತೆ ಚಡಪಡಿಕೆ, ಸಿಡುಕು, ಮಂಕು ಆವರಿಸುತ್ತವೆ, ಮತ್ತೊಂದು ದಮ್ಮು ಎಳೆದ ಕೂಡಲೇ ಅವೆಲ್ಲ ಹಿಂದೆ ಸರಿಯುವುದರಿಂದ, ನೋವು ಕೊಟ್ಟದ್ದೇ ಮದ್ದಿನಂತೆ ಕಾಣತೊಡಗುತ್ತದೆ. ಖಿನ್ನರಾದ ಮಕ್ಕಳು ವೇಪಿನತ್ತ ಹೊರಳುವುದೂ ಉಂಟು, ವೇಪ್ ಮಾಡುವ ಮಕ್ಕಳಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿ ಕಾಣುವುದೂ ಉಂಟು. ಯಾವುದು ಮೊದಲು ಎಂಬುದು ಇತ್ಯರ್ಥವಾಗುವವರೆಗೆ ಕಾಯಬೇಡಿ, ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆರಂಭಿಸಿ.

ವೇಪಿಗಿಂತ ಅವನು ಈಜು ಬಿಟ್ಟ ಸಂಗತಿಯೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಇಷ್ಟದ ಕೆಲಸದಲ್ಲಿ ಆಸಕ್ತಿ ಹೋಗಿ ಎರಡು ವಾರ ಮೀರಿದರೂ ಮರಳದಿದ್ದರೆ ಅದು ಖಿನ್ನತೆಯ ಮುಖ್ಯ ಲಕ್ಷಣ. ಸಾಯುವ ಯೋಚನೆ ಬರುತ್ತದೆಯೇ ಎಂದು ಅವನನ್ನು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಅಂಥ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವನೊಬ್ಬನನ್ನೇ ಬಿಡದೆ, ತಕ್ಷಣ ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಿ.

ಉತ್ತರ 2 (ವಿದ್ಯಾರ್ಥಿ, 22 ವರ್ಷ):
ಆಂಟಿ, ನಾನು ಮೂರು ವರ್ಷ ವೇಪ್ ಮಾಡಿ ಬಿಟ್ಟವನು. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ, ಎದ್ದು ಕಣ್ಣುಜ್ಜುವ ಮೊದಲೇ ಕೈ ಅಲ್ಲಿಗೆ ಹೋಗುತ್ತಿತ್ತು. ಅಪ್ಪ ಒಮ್ಮೆ ಕಿತ್ತುಕೊಂಡು ಬಿಸಾಡಿದರು. ಮರುದಿನವೇ ಗೆಳೆಯನಿಂದ ಇನ್ನೊಂದು ತಂದೆ, ಅಪ್ಪನೊಡನೆ ಮಾತು ನಿಂತದ್ದಷ್ಟೇ ಲಾಭ. ಕೊನೆಗೆ ನಾನೇ ದಿನ ಗೊತ್ತುಮಾಡಿ ಬಿಟ್ಟಾಗ ಮೂರನೆಯ ದಿನ ಬಹಳ ಕಷ್ಟವಾಯಿತು, ಕಾರಣವಿಲ್ಲದೆ ಅಳು ಬರುತ್ತಿತ್ತು. ಅಮ್ಮ ಏನೂ ಕೇಳದೆ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೂರು ವಾರ ಕಳೆದ ಮೇಲೆ ಮನಸ್ಸು ಹಗುರಾಯಿತು.

ಉತ್ತರ 3 (ಇಬ್ಬರು ಮಕ್ಕಳ ತಂದೆ, ನ್ಯೂಜೆರ್ಸಿ):
ಒಂದು ಮಾತು ಸೇರಿಸುತ್ತೇನೆ. ನಮ್ಮ ರಾಜ್ಯದಲ್ಲಿ 2020ರ ಏಪ್ರಿಲ್‌ನಿಂದಲೇ ಹಣ್ಣಿನ ಪರಿಮಳದ ವೇಪ್ ಮಾರುವಂತಿಲ್ಲ. ಹಾಗಾಗಿ ಅದು ಕಳ್ಳದಾರಿಯಲ್ಲಿ ಬಂದ ಮಾಲು, ಅದರಲ್ಲಿ ಎಷ್ಟು ನಿಕೋಟಿನ್ ಇದೆ ಎಂದು ಡಬ್ಬಿಯ ಮೇಲಿನ ಬರಹವನ್ನು ನಂಬಲಾಗದು. ಮಂಡ್ಯ ಮೂಲದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸಲಹೆ ಕೊಡುವ ಸರ್ಕಾರದ ಹಿರಿಯ ವೈದ್ಯಾಧಿಕಾರಿ, ಆಗಿದ್ದಾಗ, 2016ರಲ್ಲೇ, ಎಳೆಯರ ಇ-ಸಿಗರೇಟ್ ಚಟದ ಬಗ್ಗೆ ವರದಿ ಹೊರಡಿಸಿ ಎಚ್ಚರಿಸಿದ್ದರು. ನಾವು ಅನೇಕ ತಂದೆತಾಯಿಗಳು ಅದನ್ನು ಸಿಗರೇಟಿಗಿಂತ ವಾಸಿ ಎಂದುಕೊಂಡು ಸುಮ್ಮನಿದ್ದೆವು.

ಪ್ರಶ್ನೆ ಕೇಳಿದ ತಾಯಿ:
ನಿನ್ನೆ ರಾತ್ರಿ ನೇರವಾಗಿ ಕೇಳಿದೆ. ಸಾಯುವ ಯೋಚನೆ ಇಲ್ಲ, ಆದರೆ ಯಾವುದೂ ಬೇಡವೆನಿಸುತ್ತದೆ ಎಂದ. ಗುರುವಾರ ಮಕ್ಕಳ ವೈದ್ಯರಲ್ಲಿಗೆ ಹೋಗುತ್ತಿದ್ದೇವೆ. ಯಜಮಾನರೂ ರಜೆ ಹಾಕಿದ್ದಾರೆ.